ಓದಿ ಹೇಳುವ ಯಂತ್ರದ ಹೊಸ ಬೆಲೆ

ನನಗೆ ಕಣ್ಣು ಕಾಣುವುದಿಲ್ಲ. ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ‘ಅಯ್ಯೋ ಪಾಪ’ ಎನ್ನುವವರು ನಡುವೆ ಬಾಯಿ ಹಾಕುತ್ತಾರೆ. ಶಹಾಬಾದಿನಿಂದ ರೈಲಿನಲ್ಲಿ ಚಿತ್ತಾಪುರಕ್ಕೆ ಹೋಗಿ ಕಾಲೇಜಿನಲ್ಲಿ ಇತಿಹಾಸ ಹೇಳುತ್ತೇನೆ. ಕಾಯಂ ಅಲ್ಲ, ತಾಸಿನ ಲೆಕ್ಕದ ಪಗಾರ. ನಮ್ಮ ಯಜಮಾನರು ಹಾಸುಗಲ್ಲು ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿ ಗುಮಾಸ್ತರು.

ಚಿಂಚೋಳಿಯ ತವರುಮನೆಯಲ್ಲಿ ಅವ್ವ ನನಗೆ ಕಾದಂಬರಿ ಓದಿ ಹೇಳುತ್ತಿದ್ದಳು. ಕಥೆ ರಂಗೇರುವ ಹೊತ್ತಿಗೆ ಸರಿಯಾಗಿ “ಸಾಕು ತಾಯಿ, ಗಂಟಲ ಒಣಗ್ತು” ಎಂದು ಪುಸ್ತಕ ಮುಚ್ಚುವಳು. ಮದುವೆಯಾದ ಮೇಲೆ ಯಜಮಾನರ ಪಾಳಿ. ಅವರು “ಇಲ್ಲಿ ಬರೇ ಗುಡ್ಡದ ವರ್ಣನಾ ಅದ, ಬಿಡು” ಎಂದು ನಾಲ್ಕು ಪುಟ ಹಾರಿಸುವರು. ಅಲ್ಲಾ, ಗುಡ್ಡ ನೋಡದವಳಿಗೆ ಗುಡ್ಡವೇ ಅಲ್ಲವೇ ಬೇಕಾದದ್ದು? ಆದರೆ ಇನ್ನೊಬ್ಬರ ಹಂಗಿನಲ್ಲಿ ಓದುವವಳಿಗೆ ಜೋರು ಮಾಡಲಾದೀತೇ?

ಆಮೇಲೆ ಪುಸ್ತಕ ಓದಿ ಹೇಳುವ ತಂತ್ರಾಂಶವೊಂದು ಮನೆಗೆ ಬಂತು. ಪುಟವನ್ನು ಸ್ಕ್ಯಾನರಿನ ಮೇಲೆ ಮಕಾಡೆ ಮಲಗಿಸಿದರೆ ಕಂಪ್ಯೂಟರ್ ಗಟ್ಟಿಯಾಗಿ ಓದುತ್ತಿತ್ತು. ಮದುವೆಗೂ ಮಣ್ಣಿಗೂ ಅದರದು ಒಂದೇ ರಾಗ. ಇರಲಿ ಬಿಡಿ, ಅದು ಆಕಳಿಸುತ್ತಿರಲಿಲ್ಲ, ಈ ಪುಸ್ತಕ ಯಾಕೆ ಎಂದು ಕೇಳುತ್ತಿರಲಿಲ್ಲ. ರವಿವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಒಬ್ಬಳೇ ಓದುತ್ತಿದ್ದೆ, ಒಬ್ಬಳೇ ನಗುತ್ತಿದ್ದೆ, ಬೇಕಾದಲ್ಲಿ ಅಳುತ್ತಿದ್ದೆ. ಹೀಗೆ ಐದು ವರ್ಷ ನಡೆಯಿತು.

ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಹೊಸದರಲ್ಲಿ ಹಳೆಯ ತಂತ್ರಾಂಶ ನಡೆಯುವುದಿಲ್ಲವಂತೆ, ಅದರ ಹೊಸ ಆವೃತ್ತಿಯೇ ಬೇಕಂತೆ. ಅದರ ಬೆಲೆ ಪರದೇಶದ ಹಣದಲ್ಲಿ, ಇಡೀ ಜಗತ್ತಿಗೆ ಒಂದೇ. ಅಲ್ಲಿಯ ಮೇಷ್ಟ್ರೊಬ್ಬರಿಗೆ ಅದು ನಾಲ್ಕು ದಿನದ ದುಡಿಮೆ ಇದ್ದೀತು. ನನಗೆ ಮೂರು ತಿಂಗಳ ಪಗಾರ. ಇದ್ಯಾವ ಸಮಾನತೆ ಮಾರಾಯರೇ! ಮೊಬೈಲಿನಲ್ಲಿ ಪುಕ್ಕಟೆ ಧ್ವನಿಯೇನೋ ಇದೆ. ಸಂದೇಶ ಓದುತ್ತದೆ, ಗಂಟೆ ಹೇಳುತ್ತದೆ, ಅಚ್ಚಾದ ಕನ್ನಡದ ಪುಟ ತೋರಿಸಿದರೆ ಮಾತ್ರ ತೊದಲುತ್ತದೆ.

ಚೌಕಾಸಿಯಲ್ಲಿ ನಾನು ಗಟ್ಟಿಗಿತ್ತಿ. ನಮ್ಮ ಬಜಾರಿನ ಸೀರೆ ಅಂಗಡಿಯಲ್ಲಿ ನನ್ನ ರೇಟು ಹೇಳಿ, “ಆಗಲ್ಲೇನ್ರಿ? ಹಂಗಾದ್ರ ಬಿಡ್ರಿ” ಎಂದು ಎದ್ದುಬಿಡುತ್ತೇನೆ. ಮೆಟ್ಟಿಲು ಇಳಿಯುವುದರೊಳಗೆ “ಬರ್ರಿ ಅಕ್ಕಾರ, ಕುಂದ್ರಿ” ಎಂಬ ಕರೆ ಬಂದೇ ಬರುತ್ತದೆ. ತಂತ್ರಾಂಶದ ಕಂಪನಿಗೂ ಹಾಗೆಯೇ ಯಜಮಾನರ ಕೈಲಿ ಇಂಗ್ಲಿಷಿನಲ್ಲಿ ಪತ್ರ ಹೇಳಿ ಬರೆಸಿದೆ. ಖರೀದಿ ಯಜಮಾನರ ಹೆಸರಿನಲ್ಲಿದ್ದುದರಿಂದ ಅವರದೇ ಇ-ಮೇಲ್. ಮೊದಲು ಎಲ್ಲರ ಆರೋಗ್ಯ ವಿಚಾರಿಸಿ, ‘ನಿಮ್ಮ ಊರಿನವಳು ನಾಲ್ಕು ದಿನ ದುಡಿದು ಕೊಡುವುದಾದರೆ ನನಗೂ ನಾಲ್ಕು ದಿನದ್ದೇ ಹಾಕಿ, ಆಗದಿದ್ದರೆ ಬಿಡಿ’ ಎಂದು ಮುಗಿಸಿದೆ. ಬರೆದುಕೊಂಡ ಯಜಮಾನರು ನಕ್ಕರು: “ಅವರೇನು ಸೀರಿ ಮಾರಾವ್ರೇನ?”

ವಾರಕ್ಕೊಮ್ಮೆ ಕೇಳುತ್ತಿದ್ದೆ: “ಬಂತೇನ್ರಿ?”

“ಇನ್ನಾ ಇಲ್ಲ.”

ಯೋಚನೆ ಮಾಡುತ್ತಿದ್ದಾರೆ, ಇಳಿಸುತ್ತಾರೆ ಎಂದುಕೊಂಡೆ. ಈ ನಡುವೆ ಯಜಮಾನರು ದಿನಾ ಸಂಜೆ ತಾವಾಗಿಯೇ ಪುಸ್ತಕ ಹಿಡಿದು ಕೂರತೊಡಗಿದರು. ಒಂದು ಸಾಲೂ ಬಿಡಲಿಲ್ಲ, ಗುಡ್ಡವನ್ನೂ ಬಿಡಲಿಲ್ಲ. “ಸೂರ್ಯ ಎಲ್ಲಿ ಹುಟ್ಯಾನ್ರಿ?” ಎಂದು ಕಾಡಿದರೆ ಮುಂದಿನ ಪುಟ ತಿರುವುತ್ತಿದ್ದರು. ನನಗೆ ಬೇಕಾಗಿದ್ದುದು ನನ್ನ ಮುಚ್ಚಿದ ಬಾಗಿಲು ಮತ್ತು ಆ ಒಣ ರಾಗ. ಅದನ್ನು ಅವರೆದುರು ಹೇಗೆ ಹೇಳಲಿ?

ಏಳು ತಿಂಗಳಾದ ಮೇಲೆ ಒಂದು ದಿನ ಕಾಲೇಜಿನಿಂದ ಬರುವಾಗ ನಡುದಾರಿಯ ವಾಡಿಯಲ್ಲಿ ಇಳಿದೆ. ಸ್ಟೇಷನ್ ಹತ್ತಿರದ ಕಂಪ್ಯೂಟರ್ ಅಂಗಡಿಯಲ್ಲಿ ಯಜಮಾನರ ಮೇಲ್ ತೆಗೆಸಿ ಕಂಪನಿಗೆ ಒಂದು ನೆನಪೋಲೆ ಕಳಿಸೋಣವೆಂದು. ಪಾಸ್‌ವರ್ಡ್ ನನಗೆ ಗೊತ್ತಿತ್ತು, ಆ ಮೇಲ್ ಮಾತ್ರ ನನ್ನ ಮೊಬೈಲಿನಲ್ಲಿರಲಿಲ್ಲ. ಅಂಗಡಿಯವರು, “ಮೇಡಂ, ಇವರ ಉತ್ತರ ಬಂದು ಭಾಳ ದಿನ ಆಗ್ಯಾದಲ್ರಿ, ಸರ್ ಓದ್ಯಾರ” ಎಂದರು.

ಪೂರ್ತಿ ಓದಿಸಿದೆ. ಕಂಪನಿ ಅರ್ಧಕ್ಕೆ ಇಳಿದಿತ್ತು, ಒಂದು ತಿಂಗಳೊಳಗೆ ಕೊಂಡರೆ. ಅದರ ಕೆಳಗೆ ಯಜಮಾನರ ಹರಕುಮುರುಕು ಇಂಗ್ಲಿಷಿನ ಉತ್ತರವಿತ್ತು. ಅಂಗಡಿಯವರು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದರು: ‘ಅರ್ಧವೂ ನನ್ನಿಂದ ಆಗದು. ಕಂತಿನಲ್ಲಿ ಕೊಡುತ್ತೇನೆ. ನಾನು ಎಷ್ಟು ಓದಿದರೂ ನನ್ನ ಹೆಂಡತಿಗೆ ಅದು ಸಾಲದು, ನನಗೆ ಗೊತ್ತು.’ ಕಂತಿನ ವ್ಯವಸ್ಥೆ ನಮ್ಮಲ್ಲಿಲ್ಲ ಎಂದು ಕಂಪನಿಯವರು ಮರುದಿನವೇ ತಿಳಿಸಿದ್ದರು.

ಮನೆಗೆ ಬಂದವಳೇ, ಉತ್ತರ ಬಂದದ್ದನ್ನು ಯಾಕೆ ಮುಚ್ಚಿಟ್ಟಿರಿ ಎಂದು ಸಿಟ್ಟಿನಿಂದ ಕೇಳಿದೆ. 

“ಅರ್ಧಕ್ಕ ಇಳಿಸ್ಯಾರ, ಅದೂ ನನ್ನ ಕೈಲಿ ಆಗಂಗಿಲ್ಲ ಅಂತ ನಿನಗ ಹೆಂಗ ಹೇಳ್ಲಿ?” ಎಂದರು. “ದಿನಾ ಆಸೆಲಿ ಕೇಳಾಕತ್ತಿದ್ದಿ. ಬಾಯಿ ಬರಲಿಲ್ಲ.”

“ರೊಕ್ಕ ಇಲ್ಲ ಅಂದ್ರ ತಿಳ್ಕೋತಿದ್ದೆ,” ಎಂದೆ. “ಕಂಪನಿಯವರು ಇಲ್ಲ ಅಂದದ್ದನ್ನ ನಾನೇ ಓದಬೇಕಾಗಿತ್ತು. ಅದಕ್ಕ ಅಲ್ಲೇನ್ರಿ ನಾನು ಆ ಯಂತ್ರ ಬೇಡಿದ್ದು?”

 ಉಸಿರಿನ ಸದ್ದಿನಿಂದ ಅವರು ಅಳುತ್ತಿದ್ದಾರೆಂದು ತಿಳಿಯಿತು. ಕೈ ಚಾಚಿದೆ, ಅವರ ಮುಖ ಸಿಕ್ಕಿತು.