ಮೀನಿನ ಕೈಗೆ ಎಟುಕದ ಡಬ್ಬ

ನಮ್ಮತ್ತೆಯ ಹೃದಯಕ್ಕೆ ಸ್ಟೆಂಟ್ ಹಾಕಿ ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ಇದು ರಕ್ತ ತೆಳುವಾಗಿಸುವ ಮಾತ್ರೆ. ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ. ತಕ್ಷಣ ಒತ್ತಿ ಹಿಡಿದು ಕರೆದುಕೊಂಡು ಬನ್ನಿ." ಗಾಯವಾಗದಂತೆ ನೋಡಿಕೊಳ್ಳಿ ಎಂದೂ ಹೇಳಿದರು. ಯಾರನ್ನು? ನಾವುಂದದ ನಮ್ಮ ಮನೆಯಲ್ಲಿ ದಿನ ಬೆಳಗಾದರೆ ಮೀನು ಕೊಯ್ಯಲು ಮೆಟ್ಟುಕತ್ತಿಯ ಮುಂದೆ ಕೂರುವ ಹೆಂಗಸನ್ನು!

ಕತ್ತಿಯ ಮುಂದಿನಿಂದ ಎಬ್ಬಿಸಲು ನೋಡಿದೆ. "ನೀ ಕೊಯ್ದ್ರೆ ಸತ್ತ ಮೀನೂ ಮತ್ತೊಂದ್ ಸಲ ಸಾಯ್ತ್" ಎಂದರು. ಇನ್ನೇನು ಮಾಡಲಿ, ಬೈಂದೂರಿನ ಮೆಡಿಕಲ್ ಅಂಗಡಿಗೆ ಹೋಗಿ ಒಂದೊಂದೇ ಕೇಳಿ ತಂದೆ. ಗಾಜ್ ಬಟ್ಟೆ, ಸುತ್ತುವ ಬ್ಯಾಂಡೇಜು, ಟೇಪು, ಚಿಕ್ಕ ಕತ್ತರಿ, ಗಾಯದ ಮುಲಾಮು. ಎಲ್ಲವನ್ನೂ ಒಂದು ಡಬ್ಬಕ್ಕೆ ತುಂಬಿ, ಮುಚ್ಚಳದ ಒಳಗೆ ಅತ್ತೆಯ ಮಾತ್ರೆಗಳ ಹೆಸರು ಬರೆದು ಅಂಟಿಸಿದೆ. ಅವರು ಪಕ್ಕದಲ್ಲೇ ಕೂತು ಒಂದೊಂದನ್ನೂ ಮೂಸಿ ನೋಡಿದರು.

"ಇದೆಲ್ಲ ಎಂತಕ್ಕೆ ಹೆಣೆ? ಮನಿಯಂಗೆ ಕಾಪಿ ಹುಡಿ ಇಲ್ಯಾ?"

ಗಾಯಕ್ಕೆ ಕಾಪಿ ಹುಡಿ ಮೆತ್ತಿದರೆ ಕೀವಾಗುತ್ತದೆ ಎಂದು ಎಷ್ಟು ಸಲ ಬಡಿದುಕೊಂಡಿದ್ದೇನೋ. ಡಬ್ಬ ಎಲ್ಲಿಡುವುದು ಎಂಬ ಮಾತು ಬಂದಾಗ ಮಾತ್ರ ಅವರೇ ದಾರಿ ತೋರಿಸಿದರು: "ದೇವ್ರ ಕೋಣಿಯಂಗ್ ಇಡ್. ಅಷ್ಟ್ ಚೊಕ್ಕ ಜಾಗ ಬೇರೆ ಎಲ್ಲಿತ್ತ್?" ನನಗೂ ಸರಿಯೆನಿಸಿತು. ನಮ್ಮಲ್ಲಿ ಮೀನು ಮುಟ್ಟಿದ ಕೈಯಲ್ಲಿ ದೇವರ ಕೋಣೆಗೆ ಕಾಲಿಡುವಂತಿಲ್ಲ. ಬೆಳಿಗ್ಗೆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಮೀನು ಮುಟ್ಟದ ಕೈ ಯಾವುದಿದೆ ಎಂಬುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಅದೊಂದು ಭಾನುವಾರ. ಗಂಡ ಬೋಟಿಗೆ ಹೋಗಿದ್ದರು. ಹಿತ್ತಿಲಲ್ಲಿ ಅತ್ತೆ ದೊಡ್ಡ ಅಂಜಲ್ ಮೀನು ಕೊಯ್ಯುತ್ತಿದ್ದರು, ನಾನು ಪಕ್ಕದಲ್ಲಿ ತುಂಡುಗಳನ್ನು ತೊಳೆಯುತ್ತಿದ್ದೆ. ನಡುಮುಳ್ಳಿಗೆ ಕತ್ತಿ ಸಿಕ್ಕಿತು, ಅತ್ತೆ ಜೋರಾಗಿ ಒತ್ತಿದರು, ಮೀನು ಜಾರಿತು. ಅಂಗೈ ಉದ್ದಕ್ಕೂ ಸೀಳಿ ರಕ್ತ ಬಳಬಳನೆ ಸುರಿಯಿತು. ನಾನು ಎದ್ದು ಒಳಗೆ ಓಡಿದೆ. ಹಿಂದಿನಿಂದ ಕೂಗು ಬಂತು:

"ಹ್ವಾಯ್! ಮೀನ್ ಕೈ! ತೊಳ್ಕಂಡ್ ಹೋಗ್!"

ನಾನು ತಿರುಗಿ ನಲ್ಲಿಗೆ ಬಂದೆ. ನೀರು ಸಣ್ಣಗೆ ಬರುತ್ತಿತ್ತು. ಸೋಪು ಹಚ್ಚಿ ತೊಳೆದೆ, ಮೂಸಿ ನೋಡಿದೆ, ಮತ್ತೊಮ್ಮೆ ಹಚ್ಚಿದೆ. ಹೌದು, ಮೂಸಿ ನೋಡಿದೆ! ನಲ್ಲಿಯ ಪಕ್ಕದ ಹಗ್ಗದಲ್ಲೇ ಒಗೆದು ಒಣಗಿಸಿದ, ಮೈಯೊರೆಸುವ ಬೈರಾಸು ನೇತಾಡುತ್ತಿತ್ತು. ಅದನ್ನು ಎಳೆದು ಗಾಯಕ್ಕೆ ಒತ್ತಿದ್ದರೆ ಸಾಕಿತ್ತು. ನಾನೋ ಡಬ್ಬ, ಡಬ್ಬ ಎಂದು ಒಳಗೊಳಗೇ ಜಪ ಮಾಡುತ್ತಿದ್ದೆ.

ಡಬ್ಬ ಹಿಡಿದು ಬಂದಾಗ ಅತ್ತೆಯ ಮಡಿಲು ಕೆಂಪಾಗಿತ್ತು, ಮುಖ ಬಿಳಚಿಕೊಂಡಿತ್ತು. ಗಾಜ್ ಇಟ್ಟು ಒತ್ತಿದೆ. ನೆನೆಯಿತು. ಅದರ ಮೇಲೆ ಇನ್ನೊಂದು ಇಟ್ಟೆ. ಅದೂ ನೆನೆಯಿತು. ನೆರೆಮನೆಯವರ ರಿಕ್ಷಾ ಬಂತು. ಅತ್ತೆಯ ಕೈಯನ್ನು ಎತ್ತಿ ಹಿಡಿದು, ನನ್ನ ಬೆರಳು ಮರಗಟ್ಟುವಷ್ಟು ಒತ್ತಿಕೊಂಡೇ ಕುಂದಾಪುರದ ದಾರಿ ಹಿಡಿದೆವು. ಹೆಮ್ಮಾಡಿ ಹತ್ತಿರ ಅವರ ತಲೆ ನನ್ನ ಭುಜಕ್ಕೆ ವಾಲಿತು.

"ಅತ್ತೆ, ಮಾತಾಡಿ! ಎಂತಾರೂ ಮಾತಾಡಿ!"

"ಎಂತ ಮಾತಾಡುದ್... ಅಂಜಲ್ ಬೆಕ್ಕಿನ ಪಾಲ್ ಆಯ್ತ್."

ಹೊಲಿಗೆ ಹಾಕುತ್ತಾ ಡಾಕ್ಟರು ಕೇಳಿದರು: "ಗಾಯವಾದ ಎಷ್ಟು ಹೊತ್ತಿಗೆ ಒತ್ತಿ ಹಿಡಿದಿರಿ?"

"ಕೂಡಲೇ" ಎಂದುಬಿಟ್ಟೆ. ಅತ್ತೆ ನನ್ನನ್ನೇ ನೋಡುತ್ತಿದ್ದರು.

ಸಂಜೆ ವಾರ್ಡಿನಲ್ಲಿ ನಾವಿಬ್ಬರೇ ಇದ್ದಾಗ ಕೇಳಿದರು: "ಕೂಡ್ಲೆ ಅಂದ್ಯಲ್ಲ ಹೆಣೆ, ಕೂಡ್ಲೆಯಾ?"

ನನಗೆ ಅಳುವೂ ಬಂತು, ಸಿಟ್ಟೂ ಬಂತು. "ನೀವೇ ಅಲ್ದಾ ಕೈ ತೊಳ್ಕಂಡ್ ಹೋಗ್ ಅಂದದ್ದ್?"

ಹನ್ನೊಂದು ವರ್ಷದಿಂದ ಅತ್ತೆಯ ಮಾತು ಮೀರದ ಸೊಸೆ ಎಂದು ಕೇರಿಯವರೆಲ್ಲ ನನ್ನನ್ನು ಹೊಗಳುತ್ತಿದ್ದರು. ಅತ್ತೆಯೂ ಹೊಗಳುತ್ತಿದ್ದರು. ಈಗ ಅವರ ಕಣ್ಣಲ್ಲಿ ನೀರಿತ್ತು, ಹೆದರಿಕೆ ಇನ್ನೂ ಇಳಿದಿರಲಿಲ್ಲ.

"ನಾನ್ ಹೇಳ್ದೆ, ಹೌದ್. ಅಷ್ಟ್ ನೆತ್ರ್ ಹೋಪೊತ್ತಿಗೆ ನನ್ ಮಾತ್ ನೀ ಎಂತಕ್ ಕೇಂಡದ್ದ್?"