ಕುಂತಾಕಿಯ ನಾಡಿ

ಕಳೆದ ವಾರ ಹಾನಗಲ್ಲಿನಿಂದ ಬಸ್ಸಿನ ಪಾರ್ಸೆಲ್‌ನಲ್ಲಿ ನನ್ನ ಕಚೇರಿಗೆ ಒಂದು ವಹಿ ಬಂತು. ದಪ್ಪ ರಟ್ಟು, ಬೆನ್ನಿಗೆ ಕೆಂಪು ಬಟ್ಟೆ. ಬಿಚ್ಚಿದ ಕೂಡಲೇ ಸುಣ್ಣದ ವಾಸನೆ. ಮೈದಾನದಲ್ಲಿ ಗೆರೆ ಹಾಕುವ ಒಣ ಸುಣ್ಣದ ಪುಡಿ ಹಾಳೆಗಳ ಸಂದಿಯಲ್ಲಿ ಇನ್ನೂ ಕೂತಿತ್ತು... ನನಗೆ ಬೇಕಾದ ಪುಟ ಎಲ್ಲಿದೆಯೆಂದು ಗೊತ್ತಿತ್ತು. ಅದನ್ನು ತೆರೆಯಲಿಲ್ಲ. ಮೊದಲ ಪುಟದಿಂದ ಓದಿದೆ.

ವಹಿ ನಮ್ಮ ಪಿ.ಟಿ. ಸರ್ ಅವರದು. ಅವರು ತೀರಿಕೊಂಡು ತಿಂಗಳಾಯಿತು. ಹಂಸಭಾವಿಯ ಅವರ ಮನೆಗೆ ಮಾತನಾಡಿಸಲು ಹೋಗಿದ್ದ ರೇಷ್ಮಾಳ ಕೈಗೆ ಅವರ ಹೆಂಡತಿ ಇದನ್ನು ಕೊಟ್ಟರಂತೆ. ರೇಷ್ಮಾ ನನ್ನ ಜೊತೆ ಓದಿದವಳು, ಬಂಕಾಪುರದವಳು. ಈಗ ಹಾನಗಲ್ಲಿನ ಒಂದು ಪ್ರೌಢಶಾಲೆಯಲ್ಲಿ ಅವಳೇ ಪಿ.ಟಿ. ಟೀಚರ್.

"ಏ ಕುಂತಾಕಿ, ಮುಟ್ಟಿತೇನ?" ಎಂದು ಫೋನಿನಲ್ಲಿ ಕೇಳಿದಳು. ಆ ಹೆಸರಿನಿಂದ ನನ್ನನ್ನು ಕರೆಯುವವರು ಈಗ ಅವಳೊಬ್ಬಳೇ.

ಹದಿನೈದು ವರ್ಷಕ್ಕೂ ಹಿಂದಿನ ಮಾತು. ನಾನು ದಿನಾ ಸವಣೂರಿನಿಂದ ಬಸ್ಸು ಹಿಡಿದು ಶಿಗ್ಗಾಂವಿಗೆ ಬಂದು ಪಿಯುಸಿ ವಿಜ್ಞಾನ ಓದುತ್ತಿದ್ದೆ. ಶನಿವಾರ ಪಾಠ ಮುಗಿದ ಮೇಲೆ ಸರ್ ಎಂಟು ಮಂದಿಯನ್ನು ಉಳಿಸಿಕೊಳ್ಳುತ್ತಿದ್ದರು. ಹೃದಯದ ಚಿತ್ರ ಬರೆದು ನಾಲ್ಕು ಕೋಣೆಗೆ ಹೆಸರು ಹಾಕುತ್ತೀರಿ, ನಿಮ್ಮ ಹೃದಯ ನಿಮಿಷಕ್ಕೆ ಎಷ್ಟು ಬಡಿಯುತ್ತದೆ ಎಂದರೆ ಒಬ್ಬರಿಗೂ ಗೊತ್ತಿಲ್ಲ ಎನ್ನುವುದು ಅವರ ತಕರಾರು. ಹೀಗಾಗಿ ನಾವು ನಮ್ಮನ್ನೇ ಅಳೆದುಕೊಂಡೆವು. ಒದ್ದೆ ಕಾಲಿನಲ್ಲಿ ವರಾಂಡದ ಕಲ್ಲಿನ ಮೇಲೆ ನಡೆದು ಯಾರ ಪಾದ ಚಪ್ಪಟೆ ಎಂದು ನೋಡಿದೆವು. ವೇದಿಕೆಯ ಮೆಟ್ಟಿಲು ಹತ್ತಿ ಇಳಿದು ಉಸಿರು ಎಣಿಸಿದೆವು. ಬೆವರಿನಲ್ಲಿ ಎಷ್ಟು ನೀರು ಹೋಗುತ್ತದೆಂದು ತಿಳಿಯಲು ಆಟಕ್ಕೆ ಮುಂಚೆ ಒಮ್ಮೆ, ಆಟದ ನಂತರ ಒಮ್ಮೆ ತೂಕ ಹಾಕಬೇಕಿತ್ತು. ಕಾಲೇಜಿನಲ್ಲಿ ತೂಕದ ಯಂತ್ರವೇ ಇರಲಿಲ್ಲ. ಹಿಂದಿನ ರಸ್ತೆಯ ದಲ್ಲಾಳಿ ಅಂಗಡಿಗೆ ಹೋಗಿ ಗೋವಿನಜೋಳದ ಚೀಲಗಳ ನಡುವೆ ಸಾಲಾಗಿ ನಿಂತೆವು.

"ಸರ, ಈ ಮಾಲು ಹಸಿ ಐತ್ರಿ, ಒಣಗಿಸಿಕೊಂಡು ಬರ್ರಿ" ಎಂದ ಒಬ್ಬ ಹಮಾಲ.

"ಒಣಗಸಾಕ ಒಯ್ಯಾಕತ್ತೇನಿ. ಅರ್ಧಾ ತಾಸು ತಡಿ" ಎಂದರು ಸರ್, ನಗದೆ.

ಬಂದ ಸಂಖ್ಯೆಯನ್ನು ಈ ವಹಿಯಲ್ಲಿ ಬರೆಯುತ್ತಿದ್ದರು. ಅದಕ್ಕೊಂದು ನಿಯಮವಿತ್ತು. ತಪ್ಪಾದರೆ ಗೀಚುವಂತಿಲ್ಲ, ಅಳಿಸುವಂತಿಲ್ಲ. ಒಂದೇ ಗೆರೆ ಎಳೆಯಬೇಕು, ಕೆಳಗಿನದು ಓದಲು ಬರಬೇಕು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ತಾರೀಖು ಹಾಕಬೇಕು. ನಾನು ಪತ್ರಿಕೆಯ ಡೆಸ್ಕಿಗೆ ಬಂದ ಮೇಲೆ ಯಾರೂ ನನಗೆ ಇದಕ್ಕಿಂತ ಒಳ್ಳೆಯ ನಿಯಮ ಹೇಳಿಕೊಟ್ಟಿಲ್ಲ.

ಆ ಎಂಟು ಜನರಲ್ಲಿ ಓಡುವಂತಿಲ್ಲದವಳು ನಾನೊಬ್ಬಳೇ. ಅಪ್ಪನ ತಮ್ಮ, ನಮ್ಮ ಕಾಕಾ, ಪೊಲೀಸ್ ಭರ್ತಿಯ ಓಟದಲ್ಲಿ ಕೊನೆಯ ಸುತ್ತಿಗೆ ಎದೆ ಹಿಡಿದುಕೊಂಡು ಬಿದ್ದವನು ಮತ್ತೆ ಏಳಲಿಲ್ಲ. ನಾನಾಗ ಆರನೆಯ ಇಯತ್ತೆ. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಓಡಲಿಲ್ಲ. ಬಸ್ಸು ಹೊರಟು ನಿಂತರೂ ಓಡಬಾರದು. ಅಪ್ಪ ಎಂದೂ ಗದರಲಿಲ್ಲ. "ಸಾವಕಾಶವ್ವಾ" ಎನ್ನುತ್ತಿದ್ದ, ಅಷ್ಟೇ. ಗದರಿದ್ದರೆ ಎದುರು ಮಾತನಾಡಬಹುದಿತ್ತು. ಆ ಮೆತ್ತಗಿನ ದನಿಯಿಂದ ಹೊರಗೆ ಬರಲು ನನಗೆ ಬಾಗಿಲು ಸಿಗಲಿಲ್ಲ.

ನನಗೆ ಓಡಬೇಕಿತ್ತು. ಪದಕಕ್ಕಲ್ಲ. ಸುಣ್ಣದ ಗೆರೆಗುಂಟ ಒಂದು ಸುತ್ತು, ನಾನೂರು ಮೀಟರ್.

ಮೊದಲ ಶನಿವಾರವೇ ನನ್ನ ಆಸೆಯನ್ನೂ ಅಪ್ಪನ ಅಂಜಿಕೆಯನ್ನೂ ಹೇಳಿ ಗುಂಪು ಬಿಡಲು ಹೋದೆ. ಸರ್ ಕಾಕಾನ ವಿಷಯ ಪೂರ್ತಿ ಕೇಳಿದರು. ಆಮೇಲೆ, "ಓಡಿದವರ ನಾಡಿ ಎಷ್ಟ ಏರತು ಅಂತ ತಿಳೀಬೇಕಂದ್ರ, ಓಡಲಾರದವರದು ಎಷ್ಟೈತಿ ಅಂತ ಗೊತ್ತಿರಬೇಕು. ಒಬ್ಬರು ಕುಂದರಾಕನ ಬೇಕು. ನೀ ಕುಂದರು" ಎಂದರು. ಮನೆಯಲ್ಲಿ ಹೇಳಿದೆ. ಕೂರುವುದಾದರೆ ಅಡ್ಡಿಯಿಲ್ಲ ಎಂದ ಅಪ್ಪ. ರೇಷ್ಮಾ ಅಂದೇ ನನಗೆ ಕುಂತಾಕಿ ಎಂದು ಹೆಸರಿಟ್ಟಳು.

ಬೇವಿನ ಗಿಡದ ಕೆಳಗಿನ ಕಲ್ಲು ನನ್ನ ಜಾಗ. ಅವರೆಲ್ಲ ಓಡುವಾಗ ಸರ್ ನನ್ನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುತ್ತಿದ್ದರು. ಎಪ್ಪತ್ತಾರು. ಎಪ್ಪತ್ತೆರಡು. ಎಪ್ಪತ್ತಾರು. ಮೂರನೆಯ ವಾರ ಅವರು ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳಿದರು.

"ಎರಡು ತಿಂಗಳು ಹಿಂಗ ಬರಲಿ. ನಿಮ್ಮ ಅಪ್ಪಾರ ಮುಂದ ಈ ವಹಿ ಇಡ್ತೇನಿ. ಡಾಕ್ಟರಿಗೂ ತೋರಸೋಣು. ಆಮ್ಯಾಲ ಅವರ ಕಣ್ಣ ಮುಂದನ ಮೊದಲ ನಡಿಗಿ, ನಂತರ ಓಟ. ಸುಳ್ಳು ಒಂದೂ ಇಲ್ಲ ಅಂತ ಗೊತ್ತಾದ್ರ ಅಂಜಿದ ಮನಷ್ಯಾ ಸೈತ ಒಪ್ಪತಾನ."

ಅಂದಿನಿಂದ ನಾನು ಕೂರುವುದಕ್ಕೂ ಒಂದು ಅರ್ಥ ಬಂತು.

ಆರನೆಯ ಶನಿವಾರ ನಮ್ಮ ಮೈದಾನದಲ್ಲೇ ಜಿಲ್ಲಾ ತಂಡದ ಆಯ್ಕೆಯ ಓಟ. ರೇಷ್ಮಾ ಹಿರೇಕೆರೂರಿನ ಹುಡುಗಿಯೊಬ್ಬಳ ಹಿಂದೆ ಬಿದ್ದಿದ್ದಳು. ಕೊನೆಯ ತಿರುವಿನಲ್ಲಿ ರೇಷ್ಮಾ ಹೊರಗಿನಿಂದ ಬಂದು ಮುಂದಾದದ್ದು ನನಗೆ ಈಗಲೂ ಕಾಣುತ್ತದೆ... ನಾನು ಕಲ್ಲಿನಿಂದ ಏಳಲಿಲ್ಲ. ಕೂಗಲೂ ಇಲ್ಲ. ಸರ್ ಬೆರಳು ನನ್ನ ಕೈಮೇಲಿತ್ತು. ಇಪ್ಪತ್ತೆಂಟು. ಮತ್ತೊಮ್ಮೆ ಎಣಿಸಿದರು. ಇಪ್ಪತ್ತೆಂಟು. ನಾಲ್ಕರಿಂದ ಗುಣಿಸಿದರೆ ನೂರಾ ಹನ್ನೆರಡು.

"ಕುಂತಲ್ಲೇ ಓಡಿದೇನವಾ?" ಎಂದರು.

ಎಪ್ಪತ್ತಾರು ಎಂದು ಬರೆಯಿರಿ ಎಂದು ಬೇಡಿಕೊಂಡೆ. ಮುಂದಿನ ವಾರ ಪಾಲಕರ ಸಭೆಯಿತ್ತು. ಈ ಸಂಖ್ಯೆಗಳನ್ನೆಲ್ಲ ಡ್ರಾಯಿಂಗ್ ಹಾಳೆಯ ಮೇಲೆ ಬರೆದು ವರಾಂಡದಲ್ಲಿ ತೂಗುಹಾಕುವುದೆಂದು ಆಗಲೇ ನಿಶ್ಚಯವಾಗಿತ್ತು.

"ನನ್ನ ಬೆರಳಿಗೆ ಇಪ್ಪತ್ತೆಂಟು ಸಿಕ್ಕಾವ. ಅದನ್ನ ಬರೀತೇನಿ."

ಅಪ್ಪ ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರ ಮಾಡುತ್ತಿದ್ದ. ದಿನವಿಡೀ ಎಲೆ ಎಣಿಸುವ ಬೆರಳು. ಸಭೆಯ ದಿನ ಆ ಬೆರಳು ಹಾಳೆಯ ಮೇಲೆ ಸಾಲುಸಾಲಾಗಿ ಇಳಿದು ಕೊನೆಯ ಸಾಲಿಗೆ ಬಂದು ನಿಂತಿತು. ಅಲ್ಲಿ ಹೆಸರಿರಲಿಲ್ಲ. 'ಕುಳಿತವರು' ಎಂದಷ್ಟೇ ಇತ್ತು.

"ಕುಂತಾಕಿ ನನ್ನ ಮಗಳು, ಹೌದಲ್ರಿ ಸರ? ಮತ್ತ ಇದ್ಯಾಕ ನೂರಾ ಹನ್ನೆರಡು?"

ಸರ್ ನನ್ನ ಕಡೆ ನೋಡಿದರು. ನಾನು ಅವರ ಬೂಟು ನೋಡಿದೆ. ಅದರ ಮೇಲೆ ಸುಣ್ಣ ಕೂತಿತ್ತು. ಓಡಿದ್ದಳು ಎಂದು ಸರ್ ಹೇಳಿದರೆ ಅದು ಸುಳ್ಳು, ನಾನು ಮಾತು ಮುರಿದವಳಾಗುತ್ತೇನೆ. ಗೊತ್ತಿಲ್ಲ ಎಂದರೆ ಅಪ್ಪನಿಗೆ ಕಾಕಾನ ಎದೆ ನನ್ನಲ್ಲೂ ಕಾಣುತ್ತದೆ. ಓಡಬೇಕೆಂಬ ಆಸೆಗೆ ಹಾಗಾಯಿತು ಎಂದರೆ... ಅದು ನಿಜ. ಅದನ್ನು ಹೇಳಬೇಕಾದವಳು ನಾನು. ಹೇಳಲಿಲ್ಲ. ಅಪ್ಪನ ತುಟಿ ಅಷ್ಟರಲ್ಲೇ ಬೆಳ್ಳಗಾಗಿತ್ತು.

"ಅವತ್ತ ಜ್ವರ ಬಂದಿದ್ದುವ್ರಿ ಅಕಿಗೆ" ಎಂದರು ಸರ್.

"ಬರೇ ಜ್ವರ ಏನ್ರಿ?"

"ಬರೇ ಜ್ವರರಿ."

ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಹಂಗಿದ್ರ ಬಾಜೂಕ ಬರೀರಿ ಸರ. ನೋಡಿದವರು ಏನರ ತಿಳ್ಕೋತಾರ" ಎಂದ. ಸರ್ ಹಾಳೆಯ ಮೇಲೆ 'ಜ್ವರ' ಎಂದು ಬರೆದರು. ಅಲ್ಲಿ ಬರೆದ ಮೇಲೆ ವಹಿಯಲ್ಲೂ ಬರೆಯಬೇಕಾಯಿತು. ನಾನು ಪಕ್ಕದಲ್ಲೇ ನಿಂತಿದ್ದೆ. ಅಪ್ಪ ಕೈಮುಗಿದು ಇನ್ನೊಂದು ಮಾತು ಹೇಳಿದ: "ತಪ್ಪು ತಿಳೀಬ್ಯಾಡ್ರಿ. ಜ್ವರದಾಗ ಹೊರಗ ಕುಂದರೂದು ಬ್ಯಾಡರಿ. ಇನ್ನಮ್ಯಾಲೆ ಶನಿವಾರ ಅಕಿ ಒಂದರ ಬಸ್ಸಿಗೆ ಬರ್ಲಿ."

ಹೀಗೆ ಕೂರುವ ಜಾಗವೂ ಹೋಯಿತು. ಶನಿವಾರ ಒಂದು ಗಂಟೆಯ ಬಸ್ಸಿನ ಕಿಟಕಿಯಿಂದ ಬೇವಿನ ಗಿಡ ಕಾಣುತ್ತಿತ್ತು. ಕಲ್ಲಿನ ಮೇಲೆ ಬೇರೆ ಹುಡುಗಿ.

ಒಮ್ಮೆ ಧೈರ್ಯ ಮಾಡಿ ವರಾಂಡದಲ್ಲಿ ಸರ್ ಅವರನ್ನು ತಡೆದೆ. ಅಪ್ಪನ ಹತ್ತಿರ ಯಾವಾಗ ಮಾತನಾಡುತ್ತೀರಿ ಎಂದು ಕೇಳಿದೆ. ಅವರು ಸೀಟಿಯ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದರು.

"ಯಾವ ವಹಿ ತೋರಿಸಿ ಮಾತಾಡ್ಲಿ?" ಎಂದರು.

ಮರುವರ್ಷ ಅವರಿಗೆ ಹಿರೇಕೆರೂರು ತಾಲ್ಲೂಕಿನ ಹಂಸಭಾವಿಗೆ ವರ್ಗವಾಯಿತು. ನಾನು ಪಾಸಾದೆ, ಧಾರವಾಡದಲ್ಲಿ ಪತ್ರಿಕೋದ್ಯಮ ಓದಿದೆ, ಹುಬ್ಬಳ್ಳಿಯಲ್ಲಿ ಡೆಸ್ಕಿನ ಕೆಲಸಕ್ಕೆ ಸೇರಿದೆ. ಇತರರು ಓಡಾಡಿ ತಂದ ಸುದ್ದಿಯನ್ನು ಕುಳಿತು ತಿದ್ದುವ ಕೆಲಸ. ಹಂಸಭಾವಿಗೆ ಮೂರು ತಾಸಿನ ದಾರಿಯೂ ಇಲ್ಲ. ಒಮ್ಮೆಯೂ ಹೋಗಲಿಲ್ಲ. ಹೋದರೆ ಆ ಜ್ವರದ ಮಾತು ಬರುತ್ತದೆ ಎಂದು ಅಂಜಿದ್ದೆ. ಬರಬೇಕಾಗಿದ್ದದ್ದೂ ಅದೇ ಮಾತು ಎಂದು ಈಗ ಅನಿಸುತ್ತದೆ...

ಮೊನ್ನೆ ಸಂಜೆ ಆ ಪುಟ ತೆರೆದೆ. ನೂರಾ ಹನ್ನೆರಡು ಹಾಗೇ ಇತ್ತು. ಪಕ್ಕದ 'ಜ್ವರ'ದ ಮೇಲೆ ಒಂದೇ ಒಂದು ಗೆರೆ. ಕೆಳಗೆ ಅವರ ಸಣ್ಣ ಅಕ್ಷರ: 'ಜ್ವರ ಇರಲಿಲ್ಲ. ಎರಡು ಸಲ ಎಣಿಸಿದ್ದು. ಓಟ ನೋಡುತ್ತಿದ್ದಳು.'

ತಾರೀಖು ಇರಲಿಲ್ಲ. ಇಡೀ ವಹಿಯಲ್ಲಿ ತಾರೀಖಿಲ್ಲದ ತಿದ್ದುಪಡಿ ಇದೊಂದೇ. ಎಲ್ಲ ಪುಟ ತಿರುವಿ ನೋಡಿಯೇ ಹೇಳುತ್ತಿದ್ದೇನೆ. ಸಭೆಯ ಮರುದಿನವೇ ತಿದ್ದಿದ್ದರೆ, ವರಾಂಡದಲ್ಲಿ ನಾನು ಕೇಳಿದಾಗ ತೋರಿಸಲು ಅವರ ಬಳಿ ವಹಿ ಇತ್ತು. ಎಷ್ಟೋ ವರ್ಷದ ಮೇಲೆ ತಿದ್ದಿದ್ದರೆ, ಅಲ್ಲಿಯವರೆಗೂ ಅದು ಅವರನ್ನು ಬಿಟ್ಟಿರಲಿಲ್ಲ. ಯಾವುದು ಎಂದು ಕೇಳಲು ಈಗ ಅವರಿಲ್ಲ.

ಆರು ಗಂಟೆಗೆ ರೂಢಿಯಂತೆ ಅಪ್ಪನ ಫೋನು ಬಂತು. ಊಟ, ಮಳೆ, ಎಲೆತೋಟದ ಮಾತು ಮುಗಿದ ಮೇಲೆ ಹೇಳಿದೆ.

"ಅಪ್ಪಾ, ಅವತ್ತ ನನಗ ಜ್ವರ ಬಂದಿದ್ದಿಲ್ಲ."

"ಯಾವತ್ತವಾ?"

"ಪಿಯುಸಿಯಾಗ. ಹಾಳಿ ಮ್ಯಾಲೆ ನೂರಾ ಹನ್ನೆರಡು ಅಂತ ಇತ್ತಲ್ಲ..."

ಅಪ್ಪ ನೆನಪು ಮಾಡಿಕೊಳ್ಳಲು ನೋಡಿದ.

"ನೆನಪಿಲ್ಲ ನೋಡವಾ. ಈಗ ಆರಾಮ ಅದೀಯಿಲ್ಲ?"

"ಆರಾಮ ಅದೇನಿ."

"ಹಂಗಾರ ಆತು. ಮೆಟ್ಟಲಾ ಸಾವಕಾಶ ಇಳಿಯವಾ, ನಿಮ್ಮ ಆಫೀಸಿನ್ಯಾಗ ಭಾಳ ಅದಾವ."

ವಹಿಯನ್ನು ಚೀಲಕ್ಕೆ ಹಾಕಿಕೊಂಡೆ. ಬೆರಳಿಗೆ ಹತ್ತಿದ ಸುಣ್ಣ ಒರೆಸಿಕೊಂಡೆ. ನಮ್ಮ ಕಚೇರಿ ಮೂರನೆಯ ಮಹಡಿಯಲ್ಲಿದೆ. ಸಾವಕಾಶವೇ ಇಳಿದೆ.