‘ಬರ್ರಿ, ಹೋಗೂಣು’ ಅಂದ ರಾಜ

“ಎರಡು ಕೂಸಿನ ತಾಯಿ ಬಿ.ಎ. ಮಾಡೂದಾ? ಆಗೂ ಮಾತಿದ್ರ ಆಡ್ರಿ” ಎಂದು ನನ್ನ ಗಂಡನ ಕಾಕಾ ಶಲವಡಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಹೇಳಿದಾಗ, ಬಾಜು ಮನೆಯ ಚಾಚಿಯ ತುಟಿಗಳ ನಡುವೆ ಸಾಲಾಗಿ ಗುಂಡುಸೂಜಿಗಳಿದ್ದವು. ನನ್ನ ಮಗಳ ಲಂಗದ ಅಂಚು ಮಡಚುತ್ತಿದ್ದಳು. ಬಾಯಿ ಬಿಡುವಂತಿರಲಿಲ್ಲ. ಒಂದೊಂದೇ ಸೂಜಿ ತೆಗೆದು ಬಟ್ಟೆಗೆ ಚುಚ್ಚಿದಳು. ಅಷ್ಟರಲ್ಲಿ ಕಾಕಾ ಚಹಾ ಮುಗಿಸಿ ಎದ್ದಿದ್ದರು. ಕೊನೆಯ ಸೂಜಿ ತೆಗೆದವಳೇ ಅಂದಳು:

“ಅಳತೀನ ತಗೊಂಡಿಲ್ಲ, ಅಂಗಿ ಬಿಗಿ ಆಕ್ಕೈತಿ ಅಂತ ಹೆಂಗ ಹೇಳ್ತೀರಿ ಅಣ್ಣಾರ?”

ಕಾಕಾ ನಗುತ್ತ ಹೋದರು. ನನಗೆ ನಗು ಬರಲಿಲ್ಲ. ನನ್ನ ತವರಿನವರು ಕುರಿ ಕಾಯುವವರು, ಇಲ್ಲಿಯವರು ಒಕ್ಕಲುತನದವರು. ಎರಡೂ ಮನೆಗಳಲ್ಲಿ ಪದವಿ ಪಡೆದವರು ಒಬ್ಬರೂ ಇಲ್ಲ. ಪಿಯುಸಿ ಮುಗಿದ ವರ್ಷವೇ ನನ್ನ ಮದುವೆಯಾಗಿತ್ತು. ಹಟ ಹಿಡಿದು ಅಂಚೆ ಶಿಕ್ಷಣಕ್ಕೆ ಹೆಸರು ಹಚ್ಚಿಸಿದ್ದೆ. ದಪ್ಪ ದಪ್ಪ ಪುಸ್ತಕಗಳೂ ಬಂದವು. ಅವನ್ನು ತೆರೆದರೆ ಒಂದೋ ಕೂಸು ಅಳುತ್ತಿತ್ತು, ಇಲ್ಲವೇ ಅತ್ತೆ ಕರೆಯುತ್ತಿದ್ದರು, ಯಾವುದೂ ಇಲ್ಲದಿದ್ದರೆ ನನಗೇ ನಿದ್ದೆ ಬರುತ್ತಿತ್ತು. ಮೊದಲ ವರ್ಷದ ಪರೀಕ್ಷೆಗೆ ಹೋಗಲೇ ಇಲ್ಲ. ಇನ್ನೊಮ್ಮೆ ತಪ್ಪಿಸಿದರೆ ಈ ಮನೆಯಲ್ಲಿ ನನ್ನ ಓದಿನ ಸುದ್ದಿ ಅಲ್ಲಿಗೇ ಮುಗಿಯಿತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಚಾಚಿ ಏಳನೆಯ ತನಕ ಕನ್ನಡ ಶಾಲೆಯಲ್ಲಿ ಓದಿದವಳು. ಹೊಲಿಗೆ ಅವಳ ಹೊಟ್ಟೆಪಾಡು, ಮಕ್ಕಳ ಪುಸ್ತಕ ಅವಳ ಹುಚ್ಚು. ಹುಬ್ಬಳ್ಳಿಗೆ ಹೊರಟವರನ್ನು ಅಡ್ಡಗಟ್ಟುತ್ತಿದ್ದಳು. “ಹೊಂಟೀಯಾ? ಬರೂ ಮುಂದ ಕೂಸಿನ ಪುಸ್ತಕ ತಾ. ಹೊದಿಕಿ ನೋಡಿ ತರಬ್ಯಾಡ, ನಿಂತಲ್ಲೇ ಒಂದ ಪುಟ ಓದು. ನಿನಗ ಬ್ಯಾಸರ ಬಂತಂದ್ರ ಅಲ್ಲೇ ಇಟ್ಟ ಬಾ.” ತಂದ ಪುಸ್ತಕದ ನಡುವಿನ ತಂತಿ ಪಿನ್ನುಗಳನ್ನು ಮೊದಲು ಕಿತ್ತು, ಅದೇ ಜಾಗದಲ್ಲಿ ಕೆಂಪು ದಾರದಿಂದ ಹೊಲಿಯುತ್ತಿದ್ದಳು. ಕೂಸು ಪುಸ್ತಕ ಬಾಯಿಗೆ ಹಾಕಿಕೊಳ್ಳುವುದು ಖಾತ್ರಿ, ಪಿನ್ನು ಚುಚ್ಚಬಾರದು. ಮೂಲೆ ಕಚ್ಚಿ ಒದ್ದೆ ಮಾಡಿದ ಪುಸ್ತಕ ಕಂಡರೆ ಅವಳಿಗೆ ಹಿಗ್ಗು. “ಇದ ಪಾಸಾತು ನೋಡ!” ಅನ್ನುವಳು. ಕತೆಯ ಕೊನೆಗೆ ‘ನೀತಿ’ ಎಂದು ಅಚ್ಚು ಹಾಕಿದ ಸಾಲುಗಳೆಂದರೆ ಆಗುತ್ತಿರಲಿಲ್ಲ. “ಅದನ್ನ ಓದಬ್ಯಾಡ. ಉಪ್ಪಿಟ್ಟಿನಾಗಿನ ಮೆಣಸಿನಕಾಯಿ ಎತ್ತಿ ಬಾಜು ಇಟ್ಟಂಗ ಇಡತಾವ ಕೂಸುಗೋಳು.”

ಒಂದು ಮಧ್ಯಾಹ್ನ ಅವಳ ಮಷೀನಿನ ಪಕ್ಕ ಕೂತು ನಾಲ್ಕು ವರ್ಷದ ಮಗಳಿಗೆ ಕೊಡೆ ತಿಂದ ಮೇಕೆಯ ಕತೆ ಓದುತ್ತಿದ್ದೆ. “‘ಬನ್ನಿ, ಮೇಕೆಯನ್ನು ಹುಡುಕಲು ಹೋಗೋಣ’ ಎಂದು ಎಲ್ಲರೂ ಹೇಳಿದರು.” ಮಗಳು ತೊಡೆಯಿಂದ ಜಾರಿ ಬಾಗಿಲ ಕಡೆ ನಡೆದಳು. ಮಷೀನು ನಿಂತಿತು.

“ಕತಿ ಓದಾಕತ್ತಿಯೋ, ವಾರ್ತಾ ಓದಾಕತ್ತಿಯೋ?”

“ಪುಸ್ತಕದಾಗ ಹಿಂಗ ಐತಿ ಚಾಚಿ.”

“ಪುಸ್ತಕಕ್ಕ ಬಾಯಿ ಎಲ್ಲೈತಿ ಬೇ? ಬಾಯಿ ನಿಂದು.”

ಪುಸ್ತಕ ಕಸಿದುಕೊಂಡಳು. “ಬರ್ರಿ ಬರ್ರಿ, ಆಡು ಹುಡುಕಾಕ ಹೋಗೂಣು! ಎಲ್ಲಿ ಹಾಳಾಗಿ ಹೋತಿದು? ಏ, ಯಾರರ ನೋಡೀರೇನು?” ಬಾಗಿಲಲ್ಲಿದ್ದ ಮಗಳು ತಿರುಗಿ ಓಡಿಬಂದು, “ನಾ ನೋಡೇನಿ!” ಎಂದು ಚಿತ್ರದ ಮೂಲೆಯಲ್ಲಿ ಇಣುಕುತ್ತಿದ್ದ ಬಾಲದ ಮೇಲೆ ಬೆರಳಿಟ್ಟಳು. ತೆವಳುತ್ತಿದ್ದ ಮಗನೂ ಬಂದು ಪುಸ್ತಕದ ಮೂಲೆಗೆ ಬಾಯಿ ಹಾಕಿದ.

ಅಂದಿನಿಂದ ಪುಸ್ತಕದ ಕನ್ನಡವನ್ನು ಕಣ್ಣಿಂದ ಓದಿ, ಮನೆಯ ಕನ್ನಡದಲ್ಲಿ ಬಾಯಿಂದ ಹೇಳುವುದು ರೂಢಿಯಾಯಿತು. ಒಂದು ಸಂಜೆ ಮಗಳು ಕತೆಗೆ ಹಟ ಹಿಡಿದಳು. ಇದ್ದಬದ್ದ ಪುಸ್ತಕಗಳೆಲ್ಲ ಹೊಲಿಗೆಗೆಂದು ಚಾಚಿಯ ಮನೆಯಲ್ಲಿದ್ದವು. ಕೈಗೆ ಸಿಕ್ಕಿದ್ದು ನನ್ನ ಇತಿಹಾಸದ ಪಠ್ಯ. ಕೋಟೆಯೊಂದರ ಮುತ್ತಿಗೆಯ ಪುಟ ತೆರೆದೆ. “ರಾಜಾ ಅಗದಿ ಸಿಟ್ಟಿಗೆದ್ದ. ದಂಡಿನವರಿಗೆ ‘ಬರ್ರಿ, ಹೋಗೂಣು’ ಅಂದ.”

“ಆಮ್ಯಾಲೆ?”

ಆಮೇಲೆ ಏನಾಯಿತೋ ನನಗೂ ಗೊತ್ತಿರಲಿಲ್ಲ. ಗಡಿಬಿಡಿಯಿಂದ ಪುಟ ತಿರುವಿದೆ. ಕೋಟೆಯೊಳಗೆ ನೀರು ತೀರಿತ್ತು.

“ನೀರ ಖಾಲಿ ಆದ್ರ ಒಳಗಿನ ಕೂಸುಗೋಳು ಏನ ಕುಡದ್ವು?”

ಆ ಪ್ರಶ್ನೆಗೆ ಪಠ್ಯದಲ್ಲಿ ಉತ್ತರವಿರಲಿಲ್ಲ. ಆದರೆ ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿರುವಾಗ ಇಡೀ ಅಧ್ಯಾಯ ನನ್ನ ತಲೆಯಲ್ಲಿ ಸರಸರನೆ ನಡೆದುಹೋಯಿತು! ಕಾರಣ, ಒಪ್ಪಂದ, ಪರಿಣಾಮ, ಒಂದೂ ಬಿಟ್ಟಿರಲಿಲ್ಲ. ಹಿಟ್ಟಿನ ಕೈಯಲ್ಲೇ ಬಾಜು ಮನೆಗೆ ಓಡಿದೆ.

“ಚಾಚಿ, ನನಗ ಬಾಯಿಪಾಠ ಬಂತು!”

“ಬಾಯಿಪಾಠ ಅಲ್ಲ ಹುಚ್ಚಿ, ಬಾಯಿಗೆ ರುಚಿ ಹತ್ತೇತಿ” ಅಂದಳು. ನಗುತ್ತಿದ್ದವಳು ತಟ್ಟನೆ ಬಿಗಿಯಾದಳು. “ಇನ್ನ ಮ್ಯಾಲೆ ಎರಡ ಪುಸ್ತಕ. ಒಂದ ಕೂಸಿಂದು, ಒಂದ ನಿಂದು. ಕೂಸಿಂದ ಮೊದಲ. ಅದಕ್ಕ ಮೋಸ ಮಾಡಬ್ಯಾಡ.”

ಆ ಮಾತು ಮೀರಲಿಲ್ಲ. ಮೊದಲು ಆಡು, ಆನೆ, ಅಳಿಲು, ಆಮೇಲೆ ಅರಸರು. ಅರ್ಥಶಾಸ್ತ್ರದ ಬೇಡಿಕೆ, ಪೂರೈಕೆಗಳನ್ನು ಅಣ್ಣಿಗೇರಿ ಸಂತೆಯ ಉಳ್ಳಾಗಡ್ಡಿ ಮಾಡಿ ಹೇಳಿದೆ. ಮಗ ನಿದ್ದೆ ಹೋದ, ಮಗಳು ಮಾತ್ರ ದರದ ಮೇಲೆ ಜಗಳ ತೆಗೆದಳು. ಮಕ್ಕಳಿಗೆ ಕತೆ ಹೇಳುವಾಗ ಅತ್ತೆ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಆಚೆ ಕೋಣೆಯಲ್ಲಿ ಬೇಳೆ ಹಸನು ಮಾಡುತ್ತ ಕೂತಿರುತ್ತಿದ್ದರು. ನನಗೆ ಅದಕ್ಕಿಂತ ದೊಡ್ಡ ವಾಚನಾಲಯ ಬೇಕಿರಲಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ಮುತ್ತಿಗೆಯ ಪ್ರಶ್ನೆಯೇ ಬಂತು. ಕೈ ತಾನಾಗಿ ಓಡಿತು. ಉತ್ತರಪತ್ರಿಕೆ ಕೊಟ್ಟು ಬಸ್ ನಿಲ್ದಾಣಕ್ಕೆ ಬಂದ ಮೇಲೆ ನೆನಪಾಯಿತು. ‘ರಾಜನು ಬಹಳ ಕೋಪಗೊಂಡನು’ ಎನ್ನುವ ಕಡೆ ‘ರಾಜಾ ಅಗದಿ ಸಿಟ್ಟಿಗೆದ್ದ’ ಎಂದೇ ಬರೆದಿದ್ದೆ. ‘ಬರ್ರಿ, ಹೋಗೂಣು’ ಕೂಡ ಬರೆದಿದ್ದೆ! ದಾರಿಯುದ್ದಕ್ಕೂ ಅಳುತ್ತಲೇ ಬಂದೆ. ನಪಾಸಾದರೆ ಮುಂದಿನ ಮಾತೇ ಇಲ್ಲ.

ಚಾಚಿ ಎಲ್ಲ ಕೇಳಿ, ಸೂಜಿಗೆ ದಾರ ಪೋಣಿಸುತ್ತ ಅಂದಳು: “ಅಗದಿ ಅಂತ ಬರದ್ರ ರಾಜಾನ ಸಿಟ್ಟ ಕಡಿಮಿ ಆತೇನು?”

ಪಾಸಾದೆ! ಪೇಪರು ನೋಡಿದ ಪುಣ್ಯಾತ್ಮರು ಯಾವ ಊರಿನವರೋ ಗೊತ್ತಿಲ್ಲ. ಮುಂದಿನ ವರ್ಷಗಳಲ್ಲಿ ಬರೆಯುವ ಮಾತು, ಹೇಳುವ ಮಾತು ಎರಡನ್ನೂ ಬೇರೆ ಬೇರೆ ಹಿಡಿಯುವುದು ಕಲಿತೆ. ಕೊನೆಯ ವರ್ಷವೂ ಪಾಸು. ಚಾಚಿ ಈಗ ಬಮ್ಮಿಗಟ್ಟಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಫೋನು ಹಚ್ಚಿದರೆ ಕ್ಷೇಮ ಸಮಾಚಾರಕ್ಕೂ ಮೊದಲು, “ಹೊಸಾ ಪುಸ್ತಕ ಯಾವುದ ತಂದಿ?” ಎಂದು ಕೇಳುತ್ತಾಳೆ. ಯಾರಾದರೂ ನನ್ನನ್ನು ‘ಓದಿದಾಕಿ’ ಎಂದು ಕರೆದರೆ ನಾನು ಎದೆಯುಬ್ಬಿಸಿ ನಿಲ್ಲುತ್ತೇನೆ, ಸುಳ್ಳು ಹೇಳುವುದಿಲ್ಲ. ಆದರೆ ನನಗೆ ಓದುವ ಬಾಯಿ ಕೊಟ್ಟವಳು ಅವಳು.

ಅವಳು ಊರು ಬಿಡುವುದಕ್ಕೆ ಮೊದಲೇ ಧಾರವಾಡದಿಂದ ಪ್ರಮಾಣಪತ್ರ ತಂದೆ. ನೆಟ್ಟಗೆ ಅವಳ ಕೈಗೇ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು, ಅಂಚು ಹಿಡಿದು, ತುಟಿ ಆಡಿಸುತ್ತ ಪೂರ್ತಿ ಓದಿದಳು. ಆಮೇಲೆ ಕಟ್ಟೆಯ ಮೇಲಿದ್ದ ನಮ್ಮ ಅತ್ತೆಯ ಮುಂದೆ ಹಿಡಿದಳು.

“ತಗೋ ಯಕ್ಕಾ, ನಿನ್ನ ಸೊಸಿದು. ನೀನ ಹಿಡಿ.”

ಓದು ಬಾರದ ಅತ್ತೆ ಅದನ್ನು ಹಿಂದೆ ಮುಂದೆ ತಿರುವಿ ನೋಡಿದರು. ಮುಖದಲ್ಲಿ ಹಿಗ್ಗಿಗಿಂತ ಚಿಂತೆಯೇ ಹೆಚ್ಚು ಕಂಡಿತು.

“ಅಂದ್ರ, ನಿನ್ನ ಓದೂದೆಲ್ಲಾ ಮುಗೀತೇನು?”

“ಮುಗೀತ್ರಿ ಅತ್ತಿ.”

“ಮುಗೀತಂದ್ರ ಹೆಂಗ ಬೇ? ಇವತ್ತ ಸಂಜೀಕ ನಾ ಏನ ಕೇಳ್ಲಿ?”